ಮಾದೇಶ ತಂದ ಗಿಡ

ಅಂತರಸಂತೆ
14-6-1998

ಪೂಜ್ಯ ಮಾವನವರಿಗೆ,

ಎರಡು ಕಡೆ ಬಸ್ಸು ಬದಲಿಸಿದರೂ ಕತ್ತಲಾಗುವ ಮೊದಲೇ ಬಂದು ಸೇರಿದೆ. ಆಶ್ರಮ ಶಾಲೆಯ ಹಿಂದೆಯೇ ನನಗೊಂದು ಕೋಣೆ ಕೊಟ್ಟಿದ್ದಾರೆ. ಮಕ್ಕಳೆಲ್ಲ ಕಾಡಂಚಿನ ಹಾಡಿಗಳವರು. ಹೊಸ ಟೀಚರು ಹೇಗೆ ಊಟ ಮಾಡುತ್ತಾರೆ ಎಂದು ನೋಡಲು ಕಿಟಕಿಯ ಹೊರಗೆ ಸಾಲಾಗಿ ನಿಂತಿದ್ದರು.

ಹೊರಡುವಾಗ ನಡೆದದ್ದಕ್ಕೆ ನೀವು ನೊಂದುಕೊಳ್ಳಬೇಡಿ. ನಾನು ಗಿಡದ ಡಬ್ಬ ಎತ್ತಿಕೊಂಡಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತು, "ನೀನು ಕೆಲ್ಸಕ್ಕೆ ಓಗು, ಬ್ಯಾಡ ಅನ್ನಾಕಿಲ್ಲ. ನನ್ ಮಗ ತಂದಿದ್ ಗಿಡ ಮಾತ್ರ ಇಲ್ಲೇ ಇರ್ಲಿ" ಎಂದರಲ್ಲ, ಅದರಲ್ಲಿ ತಪ್ಪೇನೂ ಇಲ್ಲ. ನಿಮ್ಮ ಮಗ ಹುಣಸೂರಿನ ನರ್ಸರಿ ಕೆಲಸಕ್ಕೆ ಸೇರಿದ ಮೊದಲ ತಿಂಗಳು ಮನೆಗೆ ತಂದದ್ದು ಅದೊಂದೇ. ಅವರು ತೀರಿಹೋಗಿ ಈ ಆಷಾಢಕ್ಕೆ ಎರಡು ವರ್ಷ. ಗಿಡ ಅತ್ತೆಯ ಕಣ್ಣ ಮುಂದೆ ಇರುವುದೇ ಸರಿ.

ನೋಡಿಕೊಳ್ಳುವ ಬಗೆ ಬರೆಯುತ್ತೇನೆ. ಕಿಟಕಿಯ ಹತ್ತಿರ ಇರಲಿ, ಬಿಸಿಲು ಮಾತ್ರ ನೇರ ಬೀಳಬಾರದು. ದಿನಾ ನೀರು ಬೇಡ. ನಡುಮನೆಯಲ್ಲಿ ಹೊಗೆಸೊಪ್ಪು ವಿಂಗಡಿಸುವಾಗ ಏಳುವ ದೂಳು ಎಲೆಯ ಮೇಲೆ ಕೂರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಇಷ್ಟೇ.

ನಿಮ್ಮ ಸೊಸೆ
ಸವಿತಾ


ಕಂಪಲಾಪುರ
5-7-1998

ಚಿ. ಸವಿತಾಳಿಗೆ ಆಶೀರ್ವಾದಗಳು.

ಪತ್ರ ಬಂತು. ನಿನ್ನ ಅತ್ತೆ ಚಿಕ್ಕಬೀರಮ್ಮನಿಗೆ ಓದಿ ಹೇಳಿದೆ. ನೀರಿನ ವಿಷಯ ಬಂದಾಗ ಎದ್ದು ಒಳಗೆ ಹೋದಳು.

ಕೆಳಗಿನ ಎರಡು ಎಲೆ ಹಳದಿಗೆ ತಿರುಗಿವೆ. ಮೂವತ್ತು ವರ್ಷ ಹೊಗೆಸೊಪ್ಪು ಗ್ರೇಡ್ ಮಾಡಿದವನು ನಾನು. ಸೊಪ್ಪು ಹಳದಿಯಾದಷ್ಟೂ ನನಗೆ ಸಂತೋಷ. ಈ ಹಳದಿ ಒಳ್ಳೆಯದೋ ಕೆಟ್ಟದ್ದೋ ತಿಳಿಯುತ್ತಿಲ್ಲ.

ಇನ್ನೊಂದು ವಿಚಿತ್ರ. ಬೆಳಿಗ್ಗೆ ಎದ್ದರೆ ಎಲೆಯ ತುದಿಯಲ್ಲಿ ನೀರಿನ ಹನಿ ನೇತಾಡುತ್ತಿರುತ್ತದೆ. ಮನೆ ಸೋರಿಲ್ಲ, ಇಬ್ಬನಿ ಒಳಗೆ ಬರುವುದಿಲ್ಲ. ಚಿಕ್ಕಬೀರಮ್ಮ ಅದನ್ನು ಸೆರಗಿನಲ್ಲಿ ಒರೆಸಿ, "ಅಳ್ತಾವ್ನೆ ಕಣ" ಅಂದಳು. ಇದರ ಬಗ್ಗೆ ನಿನಗೇನಾದರೂ ಗೊತ್ತಿದ್ದರೆ ಬರೆ.

ದೊಡ್ಡಬೀರಯ್ಯ


ಅಂತರಸಂತೆ
16-7-1998

ಪೂಜ್ಯ ಮಾವನವರಿಗೆ,

ಅತ್ತೆ ದಿನಾ ನೀರು ಹಾಕುತ್ತಿದ್ದಾರೆ ಅಲ್ಲವೆ? ನೀವು ಬರೆಯದಿದ್ದರೂ ತಿಳಿಯಿತು.

ಇಲ್ಲಿ ಒಬ್ಬರನ್ನು ವಿಚಾರಿಸಿದೆ. ಬೇರು ಕುಡಿದದ್ದು ಹೆಚ್ಚಾದಾಗ ಎಲೆ ಅದನ್ನು ತುದಿಯಿಂದ ಹೊರಗೆ ಹಾಕುತ್ತದಂತೆ. ಅಳು ಅಲ್ಲ ಎಂದು ಅತ್ತೆಗೆ ಹೇಳಿ. ಹೀಗೇ ಬಿಟ್ಟರೆ ಬೇರು ಕೊಳೆತು ಗಿಡ ಹೋಗುತ್ತದೆ. ಡಬ್ಬದ ತಳಕ್ಕೆ ಮೊಳೆಯಿಂದ ನಾಲ್ಕೈದು ತೂತು ಹೊಡೆಯಿರಿ. ಮಣ್ಣಿಗೆ ಬೆರಳು ಇಳಿಸಿ ನೋಡಿ, ಎರಡನೇ ಗೆಣ್ಣಿನವರೆಗೂ ಒಣಗಿದ್ದರೆ ಮಾತ್ರ ಒಂದು ಚೊಂಬು ನೀರು.

ಅತ್ತೆಯ ಕೈಯಿಂದ ಚೊಂಬು ಕಸಿದುಕೊಳ್ಳಬೇಡಿ, ಮಾವ. ಬೇರೆ ಏನಾದರೂ ಕೆಲಸ ಕೊಡಿ.

ಸವಿತಾ


ಕಂಪಲಾಪುರ
30-8-1998

ಚಿ. ಸವಿತಾಳಿಗೆ ಆಶೀರ್ವಾದಗಳು.

ತೂತು ಹೊಡೆದೆ. ಕಪ್ಪು ನೀರು ಅರ್ಧ ಬಕೆಟ್ಟು ಬಂತು, ನಾರುತ್ತಿತ್ತು. ನಿನ್ನ ಅತ್ತೆ ನೋಡಿ ಬೆಚ್ಚಿಬಿದ್ದಳು. ಇವತ್ತಿನಿಂದ ಎಲೆ ಒರೆಸುವುದು ನಿನ್ನ ಪಾಲು ಅಂದೆ. "ಅವ್ನಿಗೆ ಬಾಯಾರಿದ್ರೆ?" ಎಂದು ಕೇಳಿದಳು. ಬೆರಳು ಇಳಿಸಿ ನೋಡುವುದನ್ನು ತೋರಿಸಿಕೊಟ್ಟೆ. ಈಗ ದಿನಕ್ಕೆ ನಾಲ್ಕು ಸಲ ಬೆರಳು ಇಳಿಸುತ್ತಾಳೆ, ನೀರು ಹಾಕುವುದು ಹತ್ತು ದಿನಕ್ಕೊಮ್ಮೆ.

ಒರೆಸಿದ ಬಟ್ಟೆ ಕಾಫಿ ಸೋಸಿದ ಹಾಗೆ ಕಂದಾಗುತ್ತದೆ. ಇಷ್ಟು ದೂಳಿನಲ್ಲಿ ಅದು ಉಸಿರಾಡುತ್ತಿತ್ತಲ್ಲ ಎಂದು ನನಗೇ ಆಶ್ಚರ್ಯ. ಹಳದಿ ಎಲೆ ಎರಡೂ ಉದುರಿದವು. ಮಿಕ್ಕವು ಗಟ್ಟಿಯಾಗಿವೆ. ಹೊಸ ಚಿಗುರಿನ ಮೊನೆ ಕಂಡಿದೆ.

ದೊಡ್ಡಬೀರಯ್ಯ


ಅಂತರಸಂತೆ
2-12-1998

ಪೂಜ್ಯ ಮಾವನವರಿಗೆ,

ಮೂರು ತಿಂಗಳಾಯಿತು, ನಿಮ್ಮಿಂದ ಒಂದು ಸಾಲೂ ಇಲ್ಲ. ಸೊಪ್ಪಿನ ಹರಾಜಿನ ಕಾಲ, ಬಿಡುವಿರುವುದಿಲ್ಲ ಎಂದು ಗೊತ್ತು. ಆದರೂ ಅತ್ತೆ ಹೇಗಿದ್ದಾರೆ, ಗಿಡ ಏನಾಯಿತು ಎಂದು ಒಂದು ಕಾರ್ಡಾದರೂ ಹಾಕಿ. ಗಿಡ ಹೋಗಿಬಿಟ್ಟಿದ್ದರೂ ಪರವಾಗಿಲ್ಲ, ಬರೆಯಿರಿ.

ಸವಿತಾ


ಕಂಪಲಾಪುರ
18-12-1998

ಚಿ. ಸವಿತಾಳಿಗೆ,

ಗಿಡ ಇದೆ. ನಾನೇ ಒಂದು ತಪ್ಪು ಮಾಡಿ ಬರೆಯಲು ಮುಖವಿಲ್ಲದೆ ಸುಮ್ಮನಿದ್ದೆ.

ಹೊಸ ಎಲೆ ಬಂತು. ಹಳೆಯ ಎಲೆಗಳ ಎರಡರಷ್ಟು ದೊಡ್ಡದು. ಆದರೆ ಅದರ ನಡುವೆ ಎರಡು ಉದ್ದನೆಯ ತೂತು. ಅಂಚು ಒಂದು ಕಡೆ ಸೀಳಿಹೋಗಿತ್ತು. ಸೊಪ್ಪಿನಲ್ಲಿ ತೂತು ಕಂಡರೆ ಹುಳ ಬಿದ್ದಿದೆ ಎಂದೇ ಅರ್ಥ, ಒಂದು ಎಲೆಯಿಂದ ಇಡೀ ಮೂಟೆ ಕೆಡುತ್ತದೆ. ಎಲೆ ತಿರುವಿ ನೋಡಿದೆ, ಹುಳ ಇಲ್ಲ. ಒಳಗೆ ಸೇರಿಕೊಂಡಿರಬೇಕು ಎಂದು ಎಲೆಯನ್ನೇ ಕತ್ತರಿಸಿ ಹಾಕಿದೆ. ಒಂದು ತಿಂಗಳಿಗೆ ಇನ್ನೊಂದು ಬಂತು. ಅದರಲ್ಲೂ ತೂತು. ಅದನ್ನೂ ಕತ್ತರಿಸಿದೆ.

ಚಿಕ್ಕಬೀರಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. "ಕಾಯಿಲೆ ಬಂದದೆ ಅಂತ ಕೈ ಕತ್ತರ್ಸ್ತಾರಾ ಯಾರಾದ್ರೂವೆ?" ಎಂದದ್ದೇ ಕೊನೆ.

ಈಗ ಮೂರನೆಯ ಚಿಗುರು ಬರುತ್ತಿದೆ. ಯಾವ ಔಷಧಿ ಹೊಡೆಯಬೇಕು, ವಿಚಾರಿಸಿ ಬೇಗ ತಿಳಿಸು. ಕತ್ತರಿಯನ್ನು ಅವಳು ಬಚ್ಚಿಟ್ಟಿದ್ದಾಳೆ.

ದೊಡ್ಡಬೀರಯ್ಯ


ಅಂತರಸಂತೆ
23-12-1998

ಪೂಜ್ಯ ಮಾವನವರಿಗೆ,

ಔಷಧಿ ಹೊಡೆಯಬೇಡಿ. ಕತ್ತರಿ ಸಿಕ್ಕಿದರೂ ಮುಟ್ಟಬೇಡಿ. ಅದು ಹುಳವಲ್ಲ, ಆ ಎಲೆಯೇ ಹಾಗೆ.

ತಪ್ಪು ನನ್ನದು. ನಿಮ್ಮ ಮಗ ಒಂದು ಸಲ ನನಗೆ ಹೇಳಿದ್ದರು, "ಈ ಗಿಡ ಚಿಕ್ಕದಾಗಿರುವಾಗ ಸುಮ್ಮನೆ ಎಲೆ ಬಿಡುತ್ತೆ, ದೊಡ್ಡದಾದ ಮೇಲೆ ಕಿಟಕಿ ಇಟ್ಟುಕೊಂಡು ಬಿಡುತ್ತೆ" ಎಂದು. ಅವರು ತಮಾಷೆಗೆ ಏನೇನೋ ಹೇಳುತ್ತಿದ್ದವರು. ನಾನು ನಗಾಡಿ ಮರೆತಿದ್ದೆ. ನಿಮ್ಮ ಪತ್ರ ಓದಿದಾಗ ಅದು ನೆನಪಾಯಿತು. ಕಾಗದ ಹಿಡಿದುಕೊಂಡು ಬಿಸಿಲಲ್ಲೇ ನಿಂತುಬಿಟ್ಟೆ. ಅವರು ಹೇಳಿದ್ದು ನಿಜ, ಮಾವ. ಅವರು ನೋಡಲಿಲ್ಲ, ಅಷ್ಟೆ.

ಇಲ್ಲಿ ಒಬ್ಬರು ಮೈಸೂರಿನಿಂದ ಪುಸ್ತಕ ತಂದು ತೋರಿಸಿದರು. ಇದರ ಊರು ಎಲ್ಲೋ ದೂರದೇಶದ ದಟ್ಟ ಕಾಡು. ದೊಡ್ಡ ಮರ ಹತ್ತುವ ಹಂಬು ಇದು. ಮೇಲಿನ ಎಲೆ ತೂತು ಬಿಟ್ಟುಕೊಂಡರೆ ಕೆಳಗಿನ ಎಲೆಗೂ ಚೂರು ಬೆಳಕು ಬೀಳುತ್ತದೆ ಎಂದು ಕೆಲವರು ಹೇಳುತ್ತಾರಂತೆ. ಸರಿಯಾದ ಕಾರಣ ಓದಿದವರಿಗೂ ಇನ್ನೂ ಗೊತ್ತಿಲ್ಲವಂತೆ.

ಹತ್ತಲು ಒಂದು ಆಸರೆ ಬೇಕು. ಒಂದು ಕಂಬಕ್ಕೆ ತೆಂಗಿನ ನಾರು ಸುತ್ತಿ ಡಬ್ಬದಲ್ಲಿ ನೆಡಿ ಎಂದು ಅವರೇ ಹೇಳಿದರು.

ಸವಿತಾ


ಕಂಪಲಾಪುರ
9-2-1999

ಚಿ. ಸವಿತಾಳಿಗೆ ಆಶೀರ್ವಾದಗಳು.

ಇದನ್ನು ನಿಧಾನವಾಗಿ ಬರೆಯುತ್ತಿದ್ದೇನೆ. ಒಂದೂ ಬಿಟ್ಟುಹೋಗಬಾರದು.

ಮೂರನೆಯ ಚಿಗುರು ಹದಿನೈದು ದಿನ ಬೀಡಿ ಸುತ್ತಿದ ಹಾಗೆ ಸುತ್ತಿಕೊಂಡೇ ನಿಂತಿತ್ತು. ಹೋದ ಗುರುವಾರ ಬೆಳಿಗ್ಗೆ ನೋಡಿದರೆ ಒಂದು ಅಂಚು ಸಡಿಲವಾಗಿತ್ತು. ಸೊಪ್ಪು ಬಿಡಿಸುವ ಹೆಂಗಸರು ಎಂಟು ಜನ ಬಂದು ಕೂತಿದ್ದರು. ನಾನು ಗಿಡದ ಮುಂದೆ ಮಣೆ ಹಾಕಿಕೊಂಡೆ. ಮೊದಲು ಅವರು ನಕ್ಕರು. "ಅಯ್ಯೋ, ಬೀರಯ್ಯನೋರು ಗಿಡ ಕಾಯ್ತಾ ಕುಂತವ್ರೆ" ಅಂದರು. ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರೇ ಸೊಪ್ಪು ಕೆಳಗಿಟ್ಟು ಹತ್ತಿರ ಬಂದರು.

ಅದು ಬಿಚ್ಚುವುದು ಕಣ್ಣಿಗೆ ಕಾಣುವುದಿಲ್ಲ. ನೋಡುತ್ತಲೇ ಇದ್ದರೆ ಸುಮ್ಮನಿರುತ್ತದೆ. ತಲೆ ಅತ್ತ ತಿರುಗಿಸಿ ಇತ್ತ ನೋಡಿದರೆ ಒಂದು ಬೆರಳು ಮುಂದೆ ಬಂದಿರುತ್ತದೆ. ಸಂಜೆಗೆ ಅರ್ಧ, ಮಾರನೆಯ ದಿನ ಪೂರ್ತಿ. ಒಂದು ಗೇಣು ನಾಲ್ಕು ಬೆರಳು ಅಗಲ. ಈಗ ತಾನೇ ನೀರಿನಿಂದ ಎತ್ತಿದ ಹಾಗೆ ಹೊಳೆಯುತ್ತಿತ್ತು, ಮುಟ್ಟಿದರೆ ಹಸುಗೂಸಿನ ಕಿವಿಯಷ್ಟು ಮೆತ್ತಗೆ. ತೂತುಗಳು ಸುತ್ತಿಕೊಂಡಿರುವಾಗಲೇ ಇದ್ದವು ಸವಿತಾ. ಯಾವ ಹುಳವೂ ಅಷ್ಟು ಅಚ್ಚುಕಟ್ಟಾಗಿ ಕೊರೆಯಲಾರದು. ಇಂಥ ಎರಡನ್ನು ನಾನು ಈ ಕೈಯಲ್ಲಿ ಕತ್ತರಿಸಿದೆ.

ಮೂವತ್ತು ವರ್ಷದಲ್ಲಿ ಎಷ್ಟು ಲಕ್ಷ ಎಲೆ ಮುಟ್ಟಿರಬಹುದು ನಾನು? ಎಲ್ಲ ಒಣಗಿ ನನ್ನ ಹತ್ತಿರ ಬಂದವು. ಒಂದು ಎಲೆ ಬಿಚ್ಚಿಕೊಳ್ಳುವುದನ್ನು ಕೂತು ನೋಡಿದ್ದು ಇದೇ ಮೊದಲು.

ಮಾದೇಶ ಹೇಳಿದ ಮಾತನ್ನು ಚಿಕ್ಕಬೀರಮ್ಮ ನನ್ನಿಂದ ಮೂರು ಸಲ ಓದಿಸಿಕೊಂಡಳು. ಮಾತು ಮತ್ತೆ ಶುರುವಾಗಿದೆ.

ಕಂಬ ನೆಟ್ಟಿದ್ದೇನೆ. ಅದನ್ನು ಹೇಳಿದ ಆ ಒಬ್ಬರು ಯಾರು?

ದೊಡ್ಡಬೀರಯ್ಯ


ಅಂತರಸಂತೆ
25-2-1999

ಪೂಜ್ಯ ಮಾವನವರಿಗೆ,

ನಿಮ್ಮ ಪತ್ರವನ್ನು ಇಡೀ ಶಾಲೆಗೆ ಓದಿ ಹೇಳಿದೆ. ಅಡುಗೆ ಮಾಡುವ ಜವರಿ ಸೌಟು ಹಿಡಿದುಕೊಂಡೇ ಬಂದು ಕೇಳಿದಳು. ಅವಳು ಹಾಡಿಯವಳು, ಕಾಡಿನಲ್ಲೇ ಹುಟ್ಟಿದವಳು. ಅವಳು ಹೇಳಿದ್ದನ್ನು ನಿಮಗೆ ಬರೆಯಲೇಬೇಕು. "ಮರ ಅತ್ತೋ ಹಂಬು ಎಳೇದ್ರಲ್ಲಿ ಬೆಳಕಿನ್ ಕಡೆ ಓಗಾಕಿಲ್ಲ ಟೀಚರೇ. ಎಲ್ಲಿ ಕತ್ಲು ಜಾಸ್ತಿ ಅದೆ, ಅಲ್ಲಿಗೆ ತೆವಳ್ಕಂಡು ಓಯ್ತದೆ. ಕತ್ಲು ಇರೋ ತಾವಲ್ವಾ ದೊಡ್ ಮರ ಇರಾದು? ಮರ ಸಿಕ್ಕುದ್ ಮ್ಯಾಲೆ ಬೆಳಕಿಗೆ ಅತ್ತದೆ" ಎಂದಳು. ಆ ಪುಸ್ತಕದಲ್ಲಿಯೂ ಹೀಗೇ ಬರೆದಿದೆ. ನಾನು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಬೆರಗಾಗಿ ಕೂತೆ.

ನಿಮ್ಮ ಗಿಡದ ಗೆಣ್ಣುಗಳಿಂದ ಕಂದು ಬಣ್ಣದ ಹುರಿಯಂಥ ಬೇರು ಹೊರಡಬಹುದು. ಅದನ್ನೂ ಕತ್ತರಿಸಬೇಡಿ.

ಪರೀಕ್ಷೆಗಳು ಹತ್ತಿರ ಬಂದಿವೆ. ಬೇಸಿಗೆ ರಜೆಗೆ ಬರಲಾಗುವುದಿಲ್ಲವೇನೋ.

ಸವಿತಾ


ಅಂತರಸಂತೆ
18-4-1999

ಪೂಜ್ಯ ಮಾವನವರಿಗೆ,

ನೀವು ಒಂದು ಪ್ರಶ್ನೆ ಕೇಳಿದ್ದಿರಿ. ಹೋದ ಪತ್ರದಲ್ಲಿ ಬೇರೆಲ್ಲವನ್ನೂ ಬರೆದು ಅದೊಂದನ್ನು ಬಿಟ್ಟೆ. ನೀವು ಮತ್ತೆ ಕೇಳಲಿಲ್ಲ. ಹಾಗೆ ಕೇಳದೆ ಇದ್ದದ್ದೇ ನನಗೆ ಹೆಚ್ಚು ಕಷ್ಟವಾಯಿತು.

ಕಂಬದ ಮಾತು ಹೇಳಿದವರ ಹೆಸರು ಸೋಮಶೇಖರ. ಇಲ್ಲಿಯ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಕೆ.ಆರ್. ನಗರದ ಕಡೆಯವರು. ಶಾಲೆಯ ಹಸುವಿಗೆ ಔಷಧಿ ಕೊಡಲು ಬಂದಾಗ ಪರಿಚಯವಾಯಿತು. ಗಿಡದ ಹನಿಯ ಬಗ್ಗೆ ನಾನು ಮೊದಲು ಕೇಳಿದ್ದು ಅವರನ್ನೇ. ನನ್ನ ಕಥೆ ಎಲ್ಲ ಗೊತ್ತು ಅವರಿಗೆ. ಮದುವೆಯಾಗೋಣವೇ ಎಂದು ಕೇಳಿದ್ದಾರೆ. ನನ್ನ ಅಣ್ಣಂದಿರಿಗೆ ತಿಳಿಸುವ ಮೊದಲು ನಿಮಗೆ ತಿಳಿಸುತ್ತಿದ್ದೇನೆ.

ನೀವು ಬೇಡವೆಂದರೆ ಆಗುವುದಿಲ್ಲ. ಇದನ್ನು ಹೆದರಿ ಬರೆಯುತ್ತಿಲ್ಲ, ಮನಸ್ಸಿನಿಂದಲೇ ಬರೆಯುತ್ತಿದ್ದೇನೆ. ಅತ್ತೆಗೆ ಹೇಗೆ ಹೇಳುತ್ತೀರೋ ನನಗೆ ತಿಳಿಯದು.

ಸವಿತಾ


ಅಂತರಸಂತೆ
30-5-1999

ಪೂಜ್ಯ ಮಾವನವರಿಗೆ,

ಆರು ವಾರವಾಯಿತು. ನಿಮ್ಮ ಮೌನ ನನಗೆ ಅರ್ಥವಾಗಿದೆ. ಅವರಿಗೆ ಆಗುವುದಿಲ್ಲವೆಂದು ಹೇಳಿಬಿಡುತ್ತೇನೆ. ನೀವು ಕೋಪ ಇಟ್ಟುಕೊಳ್ಳಬೇಡಿ. ಗಿಡದ ವಿಷಯವನ್ನಾದರೂ ಯಾವಾಗಲಾದರೂ ಬರೆಯಿರಿ.

ಸವಿತಾ


ಕಂಪಲಾಪುರ
12-7-1999

ಚಿ. ಸೌ. ಸವಿತಾಳಿಗೆ ಆಶೀರ್ವಾದಗಳು.

ನಿನಗೆ ಏನೂ ಅರ್ಥವಾಗಿಲ್ಲ. ಕೋಪ ಯಾರಿಗಿತ್ತು? ನಡೆದದ್ದು ಬರೆಯುತ್ತೇನೆ, ಓದಿಕೋ.

ನಿನ್ನ ಏಪ್ರಿಲ್ ಪತ್ರವನ್ನು ನಿನ್ನ ಅತ್ತೆಗೆ ಓದುವಾಗ ನಾನು ಎರಡು ಸಾಲು ಓದಿ ಮಡಿಸಿದೆ. ಅವಳಿಗೆ ಅಕ್ಷರ ಬರದಿದ್ದರೂ ಕಣ್ಣಿದೆಯಲ್ಲ. "ಕಾಗ್ದ ಇಷ್ಟುದ್ದ ಅದೆ, ನೀ ಓದಿದ್ದು ಇಷ್ಟೇಯಾ?" ಎಂದಳು. ಓದಿದೆ. ಸುಮ್ಮನೆ ಎದ್ದು ಹೋದಳು. ಅವತ್ತಿನಿಂದ ಗಿಡದ ಕಡೆ ತಿರುಗಿ ನೋಡಲಿಲ್ಲ. ಒರೆಸಲಿಲ್ಲ, ಬೆರಳು ಇಳಿಸಲಿಲ್ಲ. ನಾನು ಚೊಂಬು ಎತ್ತಿದರೆ, "ಬುಡು. ಎಲ್ರೂ ಓಯ್ತಾರೆ, ಅದೂ ಓಗ್ಲಿ" ಅಂದಳು. ಅವಳ ಮುಖ ನೋಡಿ ಚೊಂಬು ಕೆಳಗಿಟ್ಟೆ. ಆ ಮನೆಯಲ್ಲಿ ಕೂತು ನಿನಗೆ ಏನೆಂದು ಬರೆಯಲಿ? ಮೇ ತಿಂಗಳ ಬಿಸಿಲು, ಡಬ್ಬದ ಮಣ್ಣು ಬಿರುಕು ಬಿಟ್ಟಿತು. ಒಂದು ತಿಂಗಳು ನೀರು ಕಾಣಲಿಲ್ಲ. ಇವತ್ತು ಬಾಡುತ್ತದೆ, ನಾಳೆ ಬಾಡುತ್ತದೆ ಎಂದು ನಾನು ನೋಡುತ್ತಿದ್ದೆ. ಬಾಡಲಿಲ್ಲ. ಇನ್ನೊಂದು ಎಲೆ ಬಿಟ್ಟಿತು, ಏಳು ಕಿಟಕಿ ಇಟ್ಟುಕೊಂಡು.

ಜೂನ್ ಮೊದಲ ವಾರ ಒಂದು ಬೆಳಿಗ್ಗೆ ದಿನದ ಕೊಡ ಬರಿದಾಗಿ, ಅವಳು ಹದಿನೈದು ದಿನದಿಂದ ಮುಚ್ಚಿಟ್ಟಿದ್ದ ಮೂಲೆಯ ಗುಡಾಣದಲ್ಲಿ ಕುಡಿಯುವ ನೀರು ತೆಗೆಯಲು ಕೈ ಹಾಕಿ, "ಆವು! ಆವು!" ಎಂದು ಕೂಗಿದಳು. ನಾನು ದೊಣ್ಣೆ ಹಿಡಿದು ಓಡಿದೆ. ಮುಚ್ಚಳ ಪೂರ್ತಿ ಸರಿಸಿದೆ. ಹಾವಲ್ಲ. ಗಿಡದ ಗೆಣ್ಣಿನಿಂದ ಹೊರಟ ಹುರಿ, ಕಂಬವನ್ನು ಬಿಟ್ಟು, ಕಿಟಕಿಗೆ ಬೆನ್ನು ಹಾಕಿ, ಗೋಡೆಯ ಕತ್ತಲಲ್ಲಿ ಎರಡು ಮೊಳ ತೆವಳಿ, ಗುಡಾಣದ ಮುಚ್ಚಳದ ಸಂದಿಯಲ್ಲಿ ಒಳಗೆ ಇಳಿದಿತ್ತು. ನೀರಿನೊಳಗೆ ಬೆಳ್ಳಗೆ ನೂರು ಕವಲಾಗಿ ಹರಡಿಕೊಂಡಿತ್ತು, ಮುದುಕನ ಗಡ್ಡದ ಹಾಗೆ. ನಾವಿಬ್ಬರೂ ಎಷ್ಟು ಹೊತ್ತು ಬಗ್ಗಿ ನೋಡಿದೆವೋ ಗೊತ್ತಿಲ್ಲ. ಕಣ್ಣಿಲ್ಲ, ಮೂಗಿಲ್ಲ. ನೀರು ಆ ಮೂಲೆಯಲ್ಲಿದೆ ಎಂದು ಅದಕ್ಕೆ ಹೇಳಿದವರು ಯಾರು?

ಚಿಕ್ಕಬೀರಮ್ಮ ನೆಲದಲ್ಲೇ ಕೂತಳು. "ನಾನು ಕೊಡ್ದಿದ್ರೂವೆ ಬದುಕ್ಕಂಡದೆ" ಅಂದಳು. ಮಧ್ಯಾಹ್ನದವರೆಗೂ ಅಲ್ಲಿಂದ ಏಳಲಿಲ್ಲ. ಆಮೇಲೆ, "ಆ ಕಾಗ್ದ ಇನ್ನೊಂದ್ಸಲ ಓದು" ಅಂದಳು. ಪೂರ್ತಿ ಓದಿದೆ.

"ಆತ ಎಂಗವ್ನಂತೆ?"

"ನಾನೇನು ನೋಡಿದ್ದೀನಾ?"

"ನೋಡ್ಕಂಡ್ ಬಾ ಮತ್ತೆ."

ಹೀಗಾಗಿ ನಾನು ಹೋದ ತಿಂಗಳು ನಿಮ್ಮೂರಿಗೆ ಬಂದಿದ್ದೆ. ನಿನಗೆ ತಿಳಿಸಬಾರದೆಂದು ಆತನಿಂದ ಮಾತು ತೆಗೆದುಕೊಂಡೆ. ಉಳಿಸಿಕೊಂಡ ಎಂದು ಕಾಣುತ್ತದೆ. ದನದ ಆಸ್ಪತ್ರೆಯ ಜಗಲಿಯಲ್ಲಿ ಕೂತೆ. ಆತ ಒಂದು ಎತ್ತಿನ ಬಾಯಿಗೆ ಮೊಣಕೈವರೆಗೂ ಕೈ ಹಾಕಿದ್ದ. ಎತ್ತು ಸುಮ್ಮನೆ ನಿಂತಿತ್ತು. ಕೈ ತೊಳೆದು ಬಂದವನು ಅಂಟು ಹಿಡಿದು ಕಪ್ಪಾದ ನನ್ನ ಬೆರಳು ನೋಡಿದ.

"ಹೊಗೆಸೊಪ್ಪಿನ ಕಡೆಯವರಾ ಯಜಮಾನ್ರೇ?"

"ಊಂ. ಕಂಪಲಾಪುರ."

ಅವನ ಮುಖದ ಬಣ್ಣ ಹೋಯಿತು. ನಮಸ್ಕಾರ ಮಾಡಿದ. ನಾನು ಯಾರೆಂದು ಕೇಳಲಿಲ್ಲ. ತನ್ನ ವಿಷಯ ಎತ್ತಲಿಲ್ಲ, ನಿನ್ನ ವಿಷಯವೂ ಇಲ್ಲ. ಮೊದಲು ಬಾಯಿಂದ ಬಂದದ್ದು, "ಮಾದೇಶಣ್ಣನ ಗಿಡ ಹೇಗಿದೆ?" ಎಂದು.

ನನ್ನ ಮಗನನ್ನು ಕಂಡವನೇ ಅಲ್ಲ. ಅಣ್ಣ ಅಂದ. ಗುಡಾಣದ ಕಥೆ ಹೇಳಿದೆ. ಇಬ್ಬರೂ ಬಹಳ ಹೊತ್ತು ಅದನ್ನೇ ಮಾತಾಡಿದೆವು. ಬಸ್ಸು ಬಂದಾಗ ಎದ್ದೆ.

ಆಗುವುದಿಲ್ಲ ಎಂದು ಆತನಿಗೆ ಹೇಳಿದ್ದರೆ ಹೋಗಿ ಆಗುತ್ತದೆ ಎಂದು ಹೇಳು. ದಿನ ನಿಶ್ಚಯಿಸಿ ತಿಳಿಸಿ. ನಾವಿಬ್ಬರೂ ಬರುತ್ತೇವೆ. ಸಾಕ್ಷಿಗೆ ನನ್ನ ಸಹಿ ಇರಲಿ.

ಗುಡಾಣದಿಂದ ಬೇರು ತೆಗೆಯಲು ಅವಳು ಬಿಡಲಿಲ್ಲ. ನಾವು ಕುಡಿಯಲು ಬೇರೆ ಗುಡಾಣ ತಂದಿದ್ದೇವೆ.

ದೊಡ್ಡಬೀರಯ್ಯ


ಅಂತರಸಂತೆ
5-9-1999

ಪೂಜ್ಯ ಮಾವನವರಿಗೆ,

ಮೊನ್ನೆ ಗುರುವಾರ ನಮ್ಮ ಮದುವೆಯ ದಿನ ತಾಲ್ಲೂಕಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೀವೂ ಇದ್ದಿರಿ, ಎಲ್ಲ ನೋಡಿದಿರಿ. ನಾನು ಮತ್ತೆ ಬರೆಯುವುದು ಏನೂ ಇರಲಾರದು ಎಂದುಕೊಂಡಿರಬಹುದು. ಆದರೆ ನೀವು ಸಹಿ ಹಾಕಲು ಒಳಗೆ ಹೋದಾಗ ಹೊರಗಿನ ಬೆಂಚಿನಲ್ಲಿ ನಾನು, ಅತ್ತೆ ಇಬ್ಬರೇ ಇದ್ದೆವು. ಅಲ್ಲಿ ನಡೆದದ್ದು ನಿಮಗೆ ಗೊತ್ತಿಲ್ಲ.

ಬೆಳಿಗ್ಗೆಯಿಂದ ಅತ್ತೆ ನನ್ನ ಜೊತೆ ಮಾತಾಡಿರಲಿಲ್ಲ. ಸೀರೆಯ ನೆರಿಗೆ ಸರಿಮಾಡಿದರು, ಹೂ ಮುಡಿಸಿದರು. ಬೆಂಚಿನಲ್ಲಿ ಕೂತ ಮೇಲೆ ನನ್ನ ಮುಖ ನೋಡದೆ ಕೇಳಿದರು, "ಕಿಟಕಿ ಮಾತು ನಿಂಗೊಬ್ಳಿಗೇ ಯೋಳಿದ್ದ ಅವ್ನು. ನಂಗೆ ಯೋಳಿರ್ಲಿಲ್ಲ. ಇಂಗೆ ಇನ್ನೂ ಏನಾರ ಯೋಳಿದ್ನಾ?"

ಅಳಬಾರದು ಎಂದು, ನೆನಪಿಗೆ ಬಂದ ಮೊದಲನೆಯದನ್ನೇ ಹೇಳಿದೆ. ನೀವೆಲ್ಲ ಹೆಣ್ಣು ನೋಡಲು ಬಂದು ಹೋದ ದಿನದ ಬಗ್ಗೆ ನಿಮ್ಮ ಮಗ ಆಮೇಲೆ ನನ್ನ ಹತ್ತಿರ ಏನು ಹೇಳಿದ್ದರು ಗೊತ್ತೆ? "ನಮ್ಮಪ್ಪ ನಿನ್ನನ್ನು ಸೊಪ್ಪಿನ ಹಾಗೆ ಬಿಸಿಲಿಗೆ ಎತ್ತಿ ಹಿಡಿದು, ಹಿಂದೆ ಮುಂದೆ ತಿರುವಿ ನೋಡದಿದ್ದದ್ದು ದೊಡ್ಡದು. ಮನೆಗೆ ಹೋಗುವಾಗ ಬಸ್ಸಿನಲ್ಲಿ, ಒಳ್ಳೇ ಬಣ್ಣ ಕಣ್ಲಾ, ಕಲೆ ಇಲ್ಲ, ಫಸ್ಟ್ ಗ್ರೇಡು ಅಂದ್ರು."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಗಲು ಶುರುಮಾಡಿದರು. "ಅಂದಿದ್ರು ಕಣೇ! ನಾನೂ ಬಸ್ಸಲ್ಲೇ ಇದ್ನಲ್ಲ, ಅಂಗೇ ಅಂದಿದ್ರು!" ಎಂದರು. ನಾನೂ ನಕ್ಕೆ. ತಡೆಯಲಾಗಲಿಲ್ಲ. ಜವಾನ ಬಂದು "ಆಫೀಸು ಕಣಮ್ಮ ಇದು" ಎಂದು ಗದರಿದ. ನಿಮ್ಮ ಮಗ ಹೋದ ಮೇಲೆ ಅತ್ತೆ ನಕ್ಕದ್ದನ್ನು ನಾನು ಕಂಡದ್ದು ಅವತ್ತೇ. ನೀವು ಹೊರಗೆ ಬಂದು ಏನು, ಏನು ಎಂದು ಕೇಳಿದಿರಿ. ಇಬ್ಬರೂ ಏನೂ ಇಲ್ಲ ಎಂದೆವು.

ಬಸ್ಸು ಹತ್ತುವ ಮೊದಲು ಅತ್ತೆ ನನ್ನ ಮುಂಗೈ ಹಿಡಿದುಕೊಂಡರು. ದೀಪಾವಳಿಗೆ ಬರುತ್ತೇವೆ, ಬಂದಾಗ ಎಲ್ಲ ಹೇಳುತ್ತೇನೆ, ನೆನಪಿರುವುದೆಲ್ಲ ಹೇಳಿಬಿಡುತ್ತೇನೆ ಎಂದೆ.

"ಒಂದೇ ದಿನ ಎಲ್ಲಾ ಯೋಳ್ಬುಡಬ್ಯಾಡ ಕಣವ್ವ" ಎಂದರು ಅತ್ತೆ. "ಬಂದಾಗ ಒಂದೊಂದು ಯೋಳು."

ನಿಮ್ಮ
ಸವಿತಾ